ಒಂದೇ ಬಸ್ಸಿನಲ್ಲಿ ಬರುವ ಎಂಟು ಮಂದಿ

ಗುಂಪು ಚಿಕಿತ್ಸೆಯ ಪಾಠಗಳಲ್ಲಿ ಬರುವ ಗುಂಪು ಬಹುಮಟ್ಟಿಗೆ ಅಪರಿಚಿತರದ್ದು. ವಾರಕ್ಕೊಮ್ಮೆ ಸೇರುತ್ತಾರೆ, ಮನಸ್ಸು ಬಿಚ್ಚುತ್ತಾರೆ, ಬಾಗಿಲು ದಾಟಿದ ಮೇಲೆ ಯಾರಿಗೆ ಯಾರೋ. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಅಂಥ ಎಂಟು ಮಂದಿ ಹುಡುಕಿದರೂ ಸಿಗುವುದಿಲ್ಲ. ಒಬ್ಬರ ದೂರದ ಅತ್ತಿಗೆ ಇನ್ನೊಬ್ಬರ ಅಯಲ್‌ಕೂಟದ, ಅಂದರೆ ನೆರೆಮನೆಯ ಹೆಂಗಸರ ಸಂಘದ, ಕಾರ್ಯದರ್ಶಿ. ಮೂರನೆಯವರ ಅಂಗಳಕ್ಕೆ ನಾಲ್ಕನೆಯವರು ಅಡಿಕೆ ಸುಲಿಯಲು ಹೋಗುವವರು. ಪೆರ್ಲ ಪೇಟೆಗೆ ಎಲ್ಲರೂ ಬರುವುದು ಒಂದೇ ಬಸ್ಸಿನಲ್ಲಿ. ನಾವಿಬ್ಬರು ಸೇರಿ 12 ವಾರ ನಡೆಸಿದ ತಾಯಂದಿರ ಗುಂಪಿನಲ್ಲಿ ಯಾವ ಸಿದ್ಧಾಂತ ಎಲ್ಲಿ ಹಿಡಿಯಿತು, ಎಲ್ಲಿ ಜಾರಿತು ಎಂಬುದನ್ನು ಅರ್ಧಕ್ಕರ್ಧ ನಿರ್ಧರಿಸಿದ್ದು ಆ ಬಸ್ಸು. ಸದಸ್ಯರ ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇವೆ, ಕೆಲವನ್ನು ಬದಲಿಸಿದ್ದೇವೆ.

ಎಂಟೂ ಮಂದಿ ಮಲಗಿದಲ್ಲೇ ಇರುವ ಅಥವಾ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ನೋಡಿಕೊಳ್ಳುವವರು. ಮಕ್ಕಳು ಅಂದರೂ ಇಬ್ಬರ ಪ್ರಾಯ 25 ದಾಟಿತ್ತು. ಊರಿನ ಹಿನ್ನೆಲೆ ಹೆಚ್ಚಿನವರಿಗೆ ಗೊತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಸಂತ್ರಸ್ತರು ಯಾರು ಎಂಬುದಕ್ಕೆ ಸರ್ಕಾರದ ಪಟ್ಟಿ ಉಂಟು. ನಮ್ಮ ಎಂಟರಲ್ಲಿ ಐವರ ಮಕ್ಕಳ ಹೆಸರು ಪಟ್ಟಿಯಲ್ಲಿತ್ತು, ಮೂವರದ್ದು ಇರಲಿಲ್ಲ. ಆಯ್ಕೆ ಮಾಡುವಾಗ ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಐದನೆಯ ವಾರ ಅದೇ ಕಾಲಿಗೆ ತೊಡರಿತು.

ಮೊದಲು ಕಾಲ ನೋಡಿಕೊಳ್ಳಬೇಕು. ಜೂನ್–ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಗುಂಪು ನಡೆಸುವುದಾಗದು. ಮೆಲುದನಿಯ ಮಾತು ಮಳೆಯಲ್ಲಿ ಮುಳುಗುತ್ತದೆ, "ಎಂತ? ಎಂತ ಹೇಳಿದ್ದು?" ಎಂದು ಎರಡನೆಯ ಸಲ ಕೇಳಿದರೆ ಹೇಳಿದವರು "ಏನಿಲ್ಲ ಬಿಡಿ" ಎಂದು ಬಾಯಿ ಮುಚ್ಚುತ್ತಾರೆ. ಡಿಸೆಂಬರ್ ಬಂದರೆ ಅಡಿಕೆ ಕೊಯ್ಲು, ಅದು ಮುಗಿಯುವುದರೊಳಗೆ ಗೇರುಬೀಜ, ನಡುವೆ ಮೇ ಕೊನೆಯ ಪತ್ತನಾಜೆಯ ತನಕ ದೈವಗಳ ಕೋಲ, ನೇಮ, ಮದುವೆ. ಓಣಂ ರಜೆ ಕಳೆದ ಕೂಡಲೇ ಶುರು ಮಾಡಿದರೆ 12 ವಾರ ಹೇಗೋ ಒದಗುತ್ತದೆ. ಶನಿವಾರ ಬೆಳಿಗ್ಗೆ 10:30ರಿಂದ 12. ಒಂದೂವರೆ ಗಂಟೆ ಎಂಬುದು ನಮ್ಮ ಲೆಕ್ಕವಲ್ಲ, ಎಲ್ಲ ಕಡೆ ಪಳಗಿದ ಅಳತೆ. ಒಂದು ಗಂಟೆಯಲ್ಲಿ ಮಾತು ಕಾಯುವುದರೊಳಗೆ ಏಳುವ ಹೊತ್ತಾಗುತ್ತದೆ, ಎರಡು ಗಂಟೆಗೆ ಎಲ್ಲರೂ ಬತ್ತಿರುತ್ತಾರೆ.

ಜಾಗ ಒಂದು ವಾಚನಾಲಯದ ಹಾಲ್. ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ಗೊತ್ತು ಮಾಡಿದ್ದೆವು. ಇದಿಲ್ಲದೆ ಇಂಥ ಗುಂಪು ನಡೆಯುವುದೇ ಇಲ್ಲ. ಆದರೂ ಮೊದಲ ಎರಡು ವಾರ ನಡುವಿನ ಬಾಗಿಲು ತೆರೆದಿಟ್ಟು ತಪ್ಪು ಮಾಡಿದೆವು. ಆ ಕಡೆ ಚಾಪೆ ಸರಿದ ಸದ್ದಾದರೂ ಈ ಕಡೆ ಮೂವರು ಎದ್ದು ನಿಲ್ಲುತ್ತಿದ್ದರು. ಮೂರನೆಯ ವಾರದಿಂದ ಬಾಗಿಲು ಹಾಕಿ, ಒಳಗೆ ಬಂದು ಕರೆಯುವುದಕ್ಕೆ ಮೂರೇ ಕಾರಣ ಎಂದು ಎಲ್ಲರ ಎದುರು ತೀರ್ಮಾನಿಸಿದೆವು: ಫಿಟ್ಸ್, ಉಸಿರಿಗೆ ಸಿಕ್ಕಿಕೊಳ್ಳುವುದು, ತಾಯಿಯೇ ಬೇಕಾದ ಶೌಚದ ಕೆಲಸ. ಅಲ್ಲಿಂದ ಮುಂದೆ ಕಿವಿಗಳು ಕೋಣೆಗೆ ಬಂದವು.

ಕುರ್ಚಿ ಹತ್ತು, ಎಲ್ಲವೂ ಒಂದೇ ಎತ್ತರದವು, ನಡುವೆ ಮೇಜು ಇಲ್ಲ. ಆದರೂ ಒಬ್ಬರು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು. "ಇಲ್ಲಿ ಗಾಳಿ ಬರ್ತದೆ." ಗಾಳಿಯ ಮಾತಲ್ಲ ಅದು, ಯಾರ ಎದುರು ಯಾರು ಕುರ್ಚಿಯಲ್ಲಿ ಕೂರಬಹುದು ಎಂಬ ಹಳೆಯ ಲೆಕ್ಕ. ಮೇಲೆ ಕೂತುಕೊಳ್ಳಿ ಎಂದು ಒತ್ತಾಯಿಸಿದರೆ ಎಲ್ಲರ ಕಣ್ಣೂ ಅವರ ಮೇಲೆ. ಮುಂದಿನ ವಾರ ನಾವು ಕುರ್ಚಿಗಳನ್ನೇ ಹೊಸ್ತಿಲಿಗೆ ಸರಿಸಿ, ಅಲ್ಲೊಂದು ಖಾಲಿ ಬಿಟ್ಟೆವು. ಎರಡು ವಾರ ಅದು ಖಾಲಿಯೇ ಇತ್ತು. ಆಮೇಲೆ ತುಂಬಿತು. ಚಹಾ ಕೊಡುವ ಯೋಚನೆಯನ್ನು ಇದೇ ಕಾರಣಕ್ಕೆ ಕೈಬಿಟ್ಟೆವು. ಲೋಟ ಬಂದರೆ ಯಾರ ಲೋಟ ಎಂಬ ಪ್ರಶ್ನೆಯೂ ಬರುತ್ತದೆ. ಅವರವರ ನೀರಿನ ಬಾಟಲಿ ಅವರವರು ತಂದರು.

ಆಯ್ಕೆಗೆ 13 ಮಂದಿಯೊಡನೆ ತಲಾ 40 ನಿಮಿಷ ಬೇರೆಬೇರೆಯಾಗಿ ಮಾತಾಡಿದೆವು. ಗುಂಪು ಚಿಕಿತ್ಸೆಯ ಹೆಸರಾಂತ ಪಠ್ಯ ಬರೆದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಂ ಏಳೆಂಟು ಮಂದಿ ಸರಿ, ಐದಕ್ಕಿಂತ ಕಡಿಮೆ ಬೇಡ, ಹತ್ತು ದಾಟಬಾರದು ಎನ್ನುತ್ತಾರೆ. ಕಾರಣ ಸರಳ: ಐದಕ್ಕಿಂತ ಕೆಳಗಿಳಿದರೆ ಅದು ಗುಂಪಾಗದೆ, ನಡೆಸುವವರು ಒಬ್ಬೊಬ್ಬರೊಡನೆ ಮಾತಾಡುವುದನ್ನು ಉಳಿದವರು ನೋಡುವ ಹಾಗಾಗುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿದೆವು. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯನ್ನು ಗಂಭೀರವಾಗಿ ಗಮನಿಸಬೇಕು. ಆದರೆ ಒಟ್ಟು ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ಒಂಬತ್ತನೆಯ ಪ್ರಶ್ನೆ, ಸಾಯುವ ಯೋಚನೆಯದ್ದು. ಅದಕ್ಕೆ "ಹೆಚ್ಚುಕಡಿಮೆ ದಿನಾ" ಎಂದವರೊಬ್ಬರನ್ನು ಗುಂಪಿಗೆ ಸೇರಿಸದೆ, ಜೊತೆಗೇ ಹೋಗಿ ಮನೋವೈದ್ಯರಿಗೆ ತೋರಿಸಿದೆವು. ಅಂಥ ಸ್ಥಿತಿಯಲ್ಲಿ ಗುಂಪು ಔಷಧವಲ್ಲ, ಭಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಎಲ್ಲ 13 ಮಂದಿಗೂ ಚೀಟಿಯಲ್ಲಿ ಬರೆದುಕೊಟ್ಟೆವು, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಪರಿಚಿತರೇ ಬೇಕು ಎಂಬ ನಿಯಮದ ಬದಲು ನಾವು ಇಟ್ಟುಕೊಂಡದ್ದು ಒಂದು ಪ್ರಶ್ನೆ: "ಯಾರು ಎದುರಿಗಿದ್ದರೆ ನಿಮಗೆ ಬಾಯಿ ಬಿಡ್ಲಿಕ್ಕೆ ಕಷ್ಟ?" ಹೆಸರು ಹೇಳಬೇಕೆಂದಿಲ್ಲ, ಸಂಬಂಧ ಹೇಳಿದರೆ ಸಾಕು. ಇದರಿಂದ ಎರಡು ಕಟ್ಟುಪಾಡು ಹುಟ್ಟಿದವು. ಒಂದೇ ಮನೆಯ ಇಬ್ಬರು ಬೇಡ. ಸಾಲ ಕೊಟ್ಟವರು, ತೆಗೆದುಕೊಂಡವರು ಒಟ್ಟಿಗೆ ಬೇಡ. ಎರಡನೆಯದು ಯಾವ ಪಾಠದಲ್ಲೂ ನಮಗೆ ಸಿಕ್ಕದ್ದಲ್ಲ, ಆದರೆ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘಗಳ ಸಾಲದ ಊರಿನಲ್ಲಿ ಮೊದಲು ಕೇಳಬೇಕಾದದ್ದು ಅದೇ.

ಮೊದಲ ಎರಡು ವಾರಕ್ಕೆ ನಾವು ಹಿಡಿದದ್ದು ಎಲ್ಲಕ್ಕಿಂತ ಹಳೆಯ ದಾರಿ. 1905ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಕ್ಲಾಸಿನ ಹಾಗೆ ಕೂರಿಸಿದ. ವಿಶ್ರಾಂತಿ, ಗಾಳಿ, ಊಟದ ಪಾಠ ಹೇಳಿದ. ಪ್ರತಿಯೊಬ್ಬರ ಕೈಯಲ್ಲೂ ದಿನಚರಿ ಬರೆಯುವ ಪುಸ್ತಕ. ಪಾಠಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ತೂಕ ಏರಿದವನನ್ನು ಉಳಿದವರು ನೋಡಿದ್ದು. ಪಾಠ ಅಂದರೆ ಯಾರಿಗೂ ಹೆದರಿಕೆಯಿಲ್ಲ. ಹಾಗಾಗಿ ನಾವೂ ಬೆನ್ನುಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚುವುದು ಇಂಥದ್ದರಿಂದ ಶುರು ಮಾಡಿದೆವು.

ಮೊದಲ ದಿನದ ಅಪಾಯ ಮೌನ ಎಂದು ಹೊಸಬರು ತಿಳಿಯುತ್ತಾರೆ. ಮೌನ ಏನೂ ಮಾಡುವುದಿಲ್ಲ. ಅಪಾಯ ಇರುವುದು, ಒಬ್ಬರು ಮೊದಲ ದಿನವೇ ಎಲ್ಲವನ್ನೂ ಸುರಿದುಬಿಡುವುದರಲ್ಲಿ. ಆ ಹೊತ್ತಿಗೆ ಹಗುರಾಗುತ್ತದೆ. ಮನೆಗೆ ಹೋದ ಮೇಲೆ, ಛೇ, ಅಷ್ಟೆಲ್ಲ ಯಾಕೆ ಹೇಳಿದೆ ಎಂದು ನಾಚಿಕೆ ಮುತ್ತುತ್ತದೆ. ಎರಡನೆಯ ವಾರ ಅವರು ಬರುವುದೇ ಇಲ್ಲ. ಒಬ್ಬರ ಮಾತು ಆ ದಿಕ್ಕಿಗೆ ಹೊರಟದ್ದು ಕಂಡಾಗ ನಮ್ಮಲ್ಲೊಬ್ಬರು ನಡುವೆ ಕೈ ಹಾಕಿ, "ಅಕ್ಕ, ಇದು ದೊಡ್ಡ ವಿಷಯ. ಇವತ್ತು ಇಷ್ಟು ಸಾಕು, ಉಳಿದದ್ದಕ್ಕೆ ಇನ್ನೂ 11 ವಾರ ಉಂಟು" ಎಂದರು. ಅಳುವವರನ್ನು ತಡೆಯುವುದು ಕ್ರೂರ ಎನಿಸಬಹುದು. ಅವರು ಮತ್ತೆ ಬರಬೇಕಲ್ಲ?

ಮೂರನೆಯ ವಾರ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ನಮ್ಮ ಕೈಯಲ್ಲಿ ಸೋತರು, ಆಮೇಲೆ ಗೆದ್ದರು. ಹೇಳಿದವರ ಭಾವವನ್ನು ಕನ್ನಡಿಯ ಹಾಗೆ ಅವರಿಗೇ ತೋರಿಸಬೇಕು ಎಂಬುದು ಅವರ ದಾರಿ. "ನಿಮಗೆ ಬೇಸರ ಆಗಿದೆ ಅಲ್ವಾ" ಎಂದೆವು. "ಹೌದು, ಅದೇ ಹೇಳಿದ್ದಲ್ವಾ ಟೀಚರ್" ಎಂಬ ಉತ್ತರ ಬಂತು. ಗಿಳಿಪಾಠ ಆಗಿಹೋಯಿತು. ತಪ್ಪು ರೋಜರ್ಸರದ್ದಲ್ಲ, 'ಬೇಸರ' ಎಂಬ ಪದದ್ದು. ನಮ್ಮಲ್ಲಿ ಅದು ಗೋಣಿಚೀಲ, ಏನು ಹಾಕಿದರೂ ಹಿಡಿಯುತ್ತದೆ. ತುಳುವಿನ ಬೇಜಾರೂ ಹಾಗೆಯೇ. ಬೋರ್ಡಿನ ಮೇಲೆ ಬೇಸರ ಎಂದು ದೊಡ್ಡದಾಗಿ ಬರೆದು, ಈ ಪದ ಬಳಸದೆ ಅದನ್ನು ಹೇಳಿ ನೋಡುವ ಎಂದೆವು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಂದೊಂದೇ ಬಂತು. ದಣಿವು. ಸಿಟ್ಟು. ನಾಚಿಕೆ. ಶಾಲೆ ಬಿಟ್ಟು ಓಡಿ ಬರುವ ಪಕ್ಕದ ಮನೆಯ ಮಕ್ಕಳನ್ನು ನೋಡುವಾಗ ಹೊಟ್ಟೆಯುರಿ. ಹೊಸ್ತಿಲ ಹತ್ತಿರ ಕೂತವರು ಹೇಳಿದ್ದು, "ಹೆದರಿಕೆ. ನಾನು ಹೋದ ಮೇಲೆ ಇವನಿಗೆ ಯಾರು?" ಕೋಣೆಯಲ್ಲಿ ಆರು ತಲೆಗಳು ಒಟ್ಟಿಗೆ ಅಲ್ಲಾಡಿದವು. "ನನಗೆ ಮಾತ್ರ ಅಂತ ಎಣಿಸಿದ್ದೆ" ಎಂದರು ಒಬ್ಬರು. ಯಾಲಂ ಪಟ್ಟಿ ಮಾಡಿದ 11 ಚಿಕಿತ್ಸಕ ಅಂಶಗಳಲ್ಲಿ ಒಂದು ಇದೇ: ಇದು ನನ್ನೊಬ್ಬಳದ್ದಲ್ಲ ಎಂಬ ಅರಿವು. ಬಾಯಲ್ಲಿ ಹೇಳಿ ಇದನ್ನು ಕೊಡಲಾಗುವುದಿಲ್ಲ. ಅಷ್ಟು ದಿನ ಒಂದೇ ಬಸ್ಸಿನಲ್ಲಿ ಓಡಾಡಿದವರಿಗೂ ಅದು ಗೊತ್ತಿರಲಿಲ್ಲ.

ಭಾಷೆಯ ವಿಷಯ ಇಲ್ಲೇ ಹೇಳಬೇಕು. ಎಂಟು ಮಂದಿಯಲ್ಲಿ ಮನೆಮಾತು ತುಳು, ಹವ್ಯಕ, ಮಲೆಯಾಳ, ಮರಾಟಿ, ಕೊಂಕಣಿ. ಎಲ್ಲರಿಗೂ ಹೊಂದುವ ಮಾತು ಕನ್ನಡ, ಆದರೆ ಅದು ಶಾಲೆಯ, ಸಭೆಯ ಮಾತು. ಹಾಗಾಗಿ ಬಂದ ಭಾಷೆಯಲ್ಲಿ ಹೇಳಬಹುದು, ಅರ್ಥವಾಗದವರು ಕೇಳಿದರೆ ಮಾತ್ರ ಪಕ್ಕದವರು ಕನ್ನಡದಲ್ಲಿ ಹೇಳುವುದು ಎಂದು ಮಾಡಿದೆವು. ಸಿಟ್ಟು ಹೆಚ್ಚಾಗಿ ತುಳುವಿನಲ್ಲಿ ಬಂತು. ಕಚೇರಿಯ ಸುದ್ದಿ ಎತ್ತಿದರೆ ಕನ್ನಡದವರ ಬಾಯಲ್ಲೂ ಮಲೆಯಾಳ ಪದಗಳು, ಅರ್ಜಿ ಬರುವುದು ಆ ಭಾಷೆಯಲ್ಲಿ ತಾನೇ. ಮಾತಾಡುತ್ತ ಭಾಷೆ ಬದಲಾದ ಜಾಗವನ್ನು ನಮ್ಮಲ್ಲೊಬ್ಬರು ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಗಾಯ ಇರುವುದು ಹೆಚ್ಚುಕಡಿಮೆ ಅಲ್ಲೇ.

ನಾಲ್ಕನೆಯ ವಾರ ಬಯಾನ್ ಹೇಳಿದ್ದು ಕಣ್ಣೆದುರು ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನಾರ್ತ್‌ಫೀಲ್ಡ್ ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವಿಲ್ಫ್ರೆಡ್ ಬಯಾನ್, ಗುಂಪು ತನ್ನ ಕೆಲಸ ತಪ್ಪಿಸಿಕೊಳ್ಳುವ ಮೂರು ಬಗೆಗಳನ್ನು ಗುರುತಿಸಿದರು: ಯಾರನ್ನೋ ಪೂರ್ತಿ ಆತುಕೊಳ್ಳುವುದು, ಯಾರ ಮೇಲೋ ಬೀಳುವುದು ಅಥವಾ ಓಡುವುದು, ಇಬ್ಬರನ್ನು ಮುಂದೆ ಬಿಟ್ಟು ಅವರಿಂದ ಏನೋ ಆಗುತ್ತದೆಂದು ಕಾಯುವುದು. ನಮ್ಮಲ್ಲಿ ಮೊದಲನೆಯದು. "ಟೀಚರ್ ಹೇಳಿದ ಹಾಗೆ ಮಾಡುವ." ಏನು ಕೇಳಿದರೂ ಎಂಟು ಮುಖ ನಮ್ಮ ಕಡೆ. ಬಯಾನ್ ಇದ್ದಿದ್ದರೆ ಸುಮ್ಮನೆ ಕೂತು, ಆಮೇಲೆ ಒಂದು ವ್ಯಾಖ್ಯಾನ ಕೊಡುತ್ತಿದ್ದರು. ನಮ್ಮಲ್ಲಿ ನಡೆಸುವವರು ಹತ್ತು ನಿಮಿಷ ಬಾಯಿ ಬಿಡದಿದ್ದರೆ ಟೀಚರಿಗೆ ಕೋಪ ಬಂದಿದೆ ಎಂದೇ ಅರ್ಥ. ಆದ್ದರಿಂದ ಫೌಕ್ಸ್ ಎಂಬ ಇನ್ನೊಬ್ಬರ ದಾರಿ ಹಿಡಿದೆವು. ಅವರೂ ನಾರ್ತ್‌ಫೀಲ್ಡಿನವರೇ. ನಡೆಸುವವರನ್ನು ಅವರು ಲೀಡರ್ ಎನ್ನದೆ ಕಂಡಕ್ಟರ್ ಎಂದು ಕರೆದರು, ವಾದ್ಯವೃಂದದ ಅರ್ಥದಲ್ಲಿ. ಇಲ್ಲಿ ಕಂಡಕ್ಟರ್ ಅಂದರೆ ಬಸ್ಸಿನವನೇ. ಇರಲಿ, ಆ ಅರ್ಥವೂ ಸರಿಯಾಗಿಯೇ ಕೂರುತ್ತದೆ: ಬಸ್ಸು ಓಡಿಸುವವ ಅವನಲ್ಲ, ಹತ್ತದೆ ಉಳಿದವರಾರು, ಇಳಿಯಲು ಹೊರಟವರಾರು ಎಂದು ನೋಡುವವ. ನಮಗೆ ಬಂದ ಪ್ರಶ್ನೆಯನ್ನು ಹೆಸರು ಹಿಡಿದು ಬೇರೊಬ್ಬರಿಗೆ ದಾಟಿಸತೊಡಗಿದೆವು.

ದಾಟಿಸಿದ ಕೂಡಲೇ ಉಪದೇಶ ಶುರುವಾಯಿತು. "ಹೀಗೆ ಮಾಡು ಮಾರಾಯ್ತಿ, ಸರಿಯಾಗ್ತದೆ." ಉಪದೇಶದಲ್ಲಿ ಪ್ರೀತಿ ಇದ್ದೇ ಇರುತ್ತದೆ, ಉಪಯೋಗ ಕಡಿಮೆ. ಅದಕ್ಕೊಂದು ಕ್ರಮ ಮಾಡಿದೆವು: ಹೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು, ಹೇಳುವಾಗ "ಮಾಡು" ಎನ್ನದೆ "ನಾನು ಹೀಗೆ ಮಾಡಿದ್ದೆ" ಎನ್ನಬೇಕು. ಎಲ್ಲರಿಗಿಂತ ಹಿರಿಯರೊಬ್ಬರು 90 ನಿಮಿಷದಲ್ಲಿ 25 ನಿಮಿಷ ಮಾತಾಡುತ್ತಿದ್ದರು. ಪ್ರಾಯದವರ ಮಾತು ಕಡಿಯುವ ರೂಢಿ ಇಲ್ಲಿ ಇಲ್ಲ. ಸಮಯ ನೋಡುವ ಮೊಬೈಲನ್ನು ಅವರ ಕೈಗೇ ಕೊಟ್ಟೆವು, ಒಬ್ಬೊಬ್ಬರಿಗೆ ಮೂರು ನಿಮಿಷ. ಬಹಳ ಕಟ್ಟುನಿಟ್ಟಾಗಿ ನೋಡಿಕೊಂಡರು, ತಮ್ಮದನ್ನೂ.

ಐದನೆಯ ವಾರ ಎರಡು ಬೆಂಕಿ ಒಟ್ಟಿಗೆ ಹತ್ತಿದವು. ಹಿಂದಿನ ವಾರ ಒಬ್ಬರು ಗಂಡನ ಕುಡಿತದ ಬಗ್ಗೆ ಒಂದು ವಾಕ್ಯ ಹೇಳಿದ್ದರು. ಅದು ಎರಡೇ ದಿನಕ್ಕೆ ಗಂಡನ ಕಿವಿಗೆ ಮುಟ್ಟಿತ್ತು. ಅವರು ಬಂದರು, ಗೋಡೆ ನೋಡುತ್ತ ಕೂತರು. ಅದೇ ದಿನ ಪಟ್ಟಿಯ ಮಾತು ಎದ್ದಿತು. "ನಿಮಗೇನು, ಹಣ ಬಂದಿದೆ" ಎಂದು ಮೂವರ ಪೈಕಿ ಒಬ್ಬರು. "ನನ್ನ ಮಗನ ಕಾಲಿನ ಕ್ರಯ ಅದು, ಬೇಕಾದ್ರೆ ತಕ್ಕೊಳ್ಳಿ" ಎಂದು ಐವರ ಪೈಕಿ ಒಬ್ಬರು. ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪಿನ ಹಂತಗಳನ್ನು ಬರೆದರು: ಕೂಡುವುದು, ಕೆರಳುವುದು, ಕಟ್ಟುಪಾಡು ಮೂಡುವುದು, ಕೆಲಸಕ್ಕಿಳಿಯುವುದು. ಎರಡನೆಯ ಹಂತ ಬಂದಿದೆ ಎಂದು ಗೊತ್ತಿದ್ದರೂ ಆ ಹೊತ್ತಿಗೆ ಕೈಕಾಲು ನಡುಗುತ್ತದೆ. ನಮ್ಮ ತಪ್ಪು, ಜಗಳವನ್ನು ಆರಿಸಲು ಹೊರಟದ್ದು. "ಎಲ್ಲರ ಕಷ್ಟವೂ ಒಂದೇ" ಎಂದೆವು. ಎರಡೂ ಕಡೆಯವರಿಗೆ ಅದು ಸುಳ್ಳೆಂದು ಗೊತ್ತು. ಎರಡೂ ಕಡೆಯವರು ನಮ್ಮ ಮೇಲೆ ತಿರುಗಿದರು. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು. ಗುಂಪು ನಡೆಸುವವರ ಮೇಲೆ ಸಿಟ್ಟು ಮಾಡಿಯೂ ಗುಂಪು ಉಳಿಯುತ್ತದೆ ಎಂದು ಆವತ್ತು ಅವರಿಗೆ ಗೊತ್ತಾಯಿತು.

ಕಚೇರಿಯ ಮೇಲಿನ ಸಿಟ್ಟನ್ನು ಬಯಾನ್‌ರ ಲೆಕ್ಕದಲ್ಲಿ ಕೆಲಸ ತಪ್ಪಿಸಿಕೊಳ್ಳುವುದು ಎಂದು ಬರೆದುಬಿಡುವುದು ಸುಲಭ. ಆದರೆ ತಡವಾದದ್ದು ನಿಜ, ಅಲೆದದ್ದು ನಿಜ. ನಿಜವಾದ ಅನ್ಯಾಯವನ್ನು ಮನಸ್ಸಿನ ಆಟ ಎಂದು ಓದಿದರೆ ಗುಂಪು ಮುರಿಯುತ್ತದೆ, ಮುರಿಯಲೂ ಬೇಕು. ನಾವು ಇಟ್ಟುಕೊಂಡ ಪರೀಕ್ಷೆ ಒಂದೇ: ಮಾತು ಕೊನೆಗೆ ಒಂದು ಕೆಲಸಕ್ಕೆ ಮುಟ್ಟುತ್ತದೋ, ಗಾಣದ ಎತ್ತಿನ ಹಾಗೆ ಸುತ್ತುತ್ತದೋ? ಸೋಮವಾರ ಯಾರು, ಯಾವ ಕಾಗದ ಹಿಡಿದು, ಯಾವ ಮೇಜಿಗೆ ಹೋಗುವುದು ಎಂಬುದು ಆ ದಿನ ತೀರ್ಮಾನವಾಯಿತು. ಪಟ್ಟಿಯಲ್ಲಿದ್ದ ಒಬ್ಬರು ಪಟ್ಟಿಯಲ್ಲಿಲ್ಲದ ಒಬ್ಬರ ಜೊತೆ ಹೊರಟರು, ದಾರಿ ಗೊತ್ತಿದ್ದದ್ದು ಅವರಿಗೇ.

ಗುಟ್ಟು ಹೊರಬಿದ್ದದ್ದಕ್ಕೆ ನಾವು ಯಾರು ಎಂದು ಹುಡುಕಲಿಲ್ಲ. ಹುಡುಕಿದರೆ ಗುಂಪು ಪೊಲೀಸ್ ಠಾಣೆಯಾಗುತ್ತದೆ. ಮೊದಲು ಆ ಸದಸ್ಯೆಯೊಡನೆ ಬೇರೆಯಾಗಿ ಮಾತಾಡಿ, ಮನೆಯಲ್ಲಿ ಕೈ ಎತ್ತುವುದು ಉಂಟೋ ಎಂದು ಕೇಳಿ ತಿಳಿದುಕೊಂಡೆವು. ಆಮೇಲೆ ಗುಂಪಿನಲ್ಲಿ ನಿಯಮವನ್ನು ಬಿಚ್ಚಿ ಮತ್ತೆ ಹೊಲಿದೆವು. "ಇಲ್ಲಿ ಕೇಳಿದ್ದು ಇಲ್ಲೇ" ಎಂದು ಮೊದಲ ದಿನ ಎಲ್ಲರೂ ತಲೆ ಅಲ್ಲಾಡಿಸಿದ್ದರು. ಮನೆಗೆ ಹೋದ ಕೂಡಲೇ ಅತ್ತೆ "ಎಂತ ಮಾತಾಡಿದ್ದು?" ಎಂದು ಕೇಳಿದರೆ ಏನು ಹೇಳಬೇಕು ಎಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಸುಮ್ಮನಿದ್ದರೆ ಸಂಶಯ, ಹೇಳಿದರೆ ದ್ರೋಹ. ಎಲ್ಲರೂ ಸೇರಿ ಒಂದು ವಾಕ್ಯ ಸಿದ್ಧ ಮಾಡಿದರು: "ಮಕ್ಕಳನ್ನು ಎತ್ತುವ, ಮಲಗಿಸುವ ಕ್ರಮ ಹೇಳಿಕೊಟ್ರು." ಅದು ಸುಳ್ಳೂ ಅಲ್ಲ.

ಇನ್ನು ಬಸ್ಸು. ಸದಸ್ಯರು ಹೊರಗೆ ಭೇಟಿಯಾಗಬಾರದು ಎಂದು ಕೆಲವರು ಕಟ್ಟುನಿಟ್ಟು ಮಾಡುತ್ತಾರೆ. ಯಾಲಂ ಹೇಳುವುದು ಹೆಚ್ಚು ಉಪಯೋಗದ್ದು: ಹೊರಗೆ ಆಡಿದ ಮಾತನ್ನು ಒಳಗೆ ತಂದು ಹೇಳಬೇಕು, ಗುಂಪನ್ನು ಕೊಲ್ಲುವುದು ಭೇಟಿಯಲ್ಲ, ಭೇಟಿಯನ್ನು ಮುಚ್ಚಿಡುವುದು. ಆರನೆಯ ವಾರದಿಂದ ಮೊದಲ ಹದಿನೈದು ನಿಮಿಷಕ್ಕೆ 'ಬಸ್ಸಿನ ಮಾತು' ಎಂದೇ ಹೆಸರಿಟ್ಟೆವು. ವಾರವಿಡೀ ಬಸ್ಸಿನಲ್ಲಿ, ಕಟ್ಟೆಯಲ್ಲಿ, ಫೋನಿನಲ್ಲಿ ಗುಂಪಿನ ಬಗ್ಗೆ ಏನು ಮಾತಾಡಿದಿರೋ ಅದನ್ನು ತಂದು ಇಲ್ಲಿ ಇಡಿ. ಮೊದಲ ಸಲ ಎಲ್ಲರೂ ನೆಲ ನೋಡಿದರು. ಎರಡನೆಯ ಸಲ ಒಬ್ಬರು, "ಆವತ್ತು ಬಾಯಿ ತಪ್ಪಿದ್ದು ನಾನು" ಎಂದರು. ನಾವು ಕೇಳಿರಲೇ ಇಲ್ಲ. ಒಬ್ಬರಿಗೊಬ್ಬರು ಗುರುತಿದ್ದ ಹಳ್ಳಿಗರಲ್ಲೇ ಗುಂಪು ಚಿಕಿತ್ಸೆ ನಡೆದ ಒಂದು ದೊಡ್ಡ ಪ್ರಯೋಗ ಉಗಾಂಡಾದ್ದು, 2003ರಲ್ಲಿ ಪ್ರಕಟವಾಯಿತು. 30 ಹಳ್ಳಿ, ವಾರಕ್ಕೆ 90 ನಿಮಿಷದಂತೆ 16 ವಾರ. ನಡೆಸಿದವರು ತರಬೇತಿ ಪಡೆದ ಸ್ಥಳೀಯರು. ಖಿನ್ನತೆ ಗಣನೀಯವಾಗಿ ಇಳಿಯಿತು. ಅಲ್ಲಿನ ಮಾದರಿ ಸಾವು, ಜಗಳ, ಬದುಕಿನ ಪಾತ್ರ ಬದಲಾಗುವುದು ಇಂಥ ಸಂಬಂಧದ ಎಳೆಗಳ ಮೇಲೆ ನಿಂತದ್ದು. ನಮ್ಮ ಕಡೆಗೆ ಹತ್ತಿರದ ಮಾದರಿ ಅದೇ ಎಂದು ನಮಗೆ ಅನ್ನಿಸುತ್ತದೆ.

ಆರು, ಏಳನೆಯ ವಾರ ಸಿಬಿಟಿಯವು, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಹಿಡಿದು ನಡೆಸುವ ಚಿಕಿತ್ಸೆಯವು. ವಿಷಯ, "ಮಗು ಹೀಗಾದದ್ದು ನನ್ನಿಂದ". ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಶೈಲಿಯಲ್ಲಿ ಈ ನಂಬಿಕೆಯೊಡನೆ ವಾದಕ್ಕಿಳಿಯಬಹುದು. ಇಳಿದರೆ ನಾಗದೋಷವನ್ನೂ, ಹಿಂದಿನ ಜನ್ಮದ ಪಾಪವನ್ನೂ ಎದುರು ಹಾಕಿಕೊಳ್ಳಬೇಕು, ಗುಂಪು ಕೈಬಿಡುತ್ತದೆ. ಸಿಬಿಟಿಯಲ್ಲಿ ಹೊಣೆಯನ್ನು ವೃತ್ತದಲ್ಲಿ ಪಾಲು ಮಾಡಿ ಬರೆಯುವ ಒಂದು ಕ್ರಮವಿದೆ. ಬರೆಯಲು ಅಳುಕುವವರೂ ಇದ್ದುದರಿಂದ ವೃತ್ತದ ಬದಲು ಸುಲಿದ ಅಡಿಕೆ 20 ಇಟ್ಟೆವು. ಆರನೆಯ ವಾರ ಕೆಟ್ಟಿತು. "ನಿಮ್ಮ ಪಾಲು ಎಷ್ಟು?" ಎಂದು ಮೊದಲೇ ಕೇಳಿಬಿಟ್ಟೆವು. ಆ ತಾಯಿ 17 ಅಡಿಕೆ ತಮ್ಮ ಮಡಿಲಿಗೆ ಹಾಕಿಕೊಂಡರು, ಮೂರು ಹಣೆಬರಹಕ್ಕೆ ಬಿಟ್ಟರು. ಕ್ರಮದ ಜೀವ ಇರುವುದೇ ಅನುಕ್ರಮದಲ್ಲಿ. ಸ್ವಂತ ಪಾಲು ಕೊನೆಗೆ ಬರಬೇಕು.

ಏಳನೆಯ ವಾರ ಹಾಳೆ ಕತ್ತರಿಸಿ ತುಂಡು ಮಾಡಿ ನೆಲದ ಮೇಲೆ ಹರಡಿದೆವು. ಕಾರಣಗಳನ್ನು ಹೇಳಿದ್ದು ಎಲ್ಲರೂ ಸೇರಿ. ಮೇಲಿಂದ ಬಿದ್ದ ಮದ್ದು, ಒಂದು ತುಂಡು. ತೋಡಿನ ನೀರು, ಒಂದು. ಹೆರಿಗೆಯ ದಿನ ಜೀಪು ಸಿಗದ್ದು. ಸಂಬಂಧದೊಳಗಿನ ಮದುವೆ. ನಾಗದೋಷಕ್ಕೂ ಒಂದು ತುಂಡು ಇಟ್ಟೆವು, ವಾದ ಮಾಡಲಿಲ್ಲ. ಕೊನೆಯದಾಗಿ 'ಗೊತ್ತಿಲ್ಲ' ಎಂಬುದಕ್ಕೊಂದು. ಇದನ್ನು ಮರೆಯಲೇಬಾರದು, ಒಂದು ಮಗುವಿನ ವಿಷಯದಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ಹೇಳಲು ವೈದ್ಯರಿಗೂ ಅನೇಕ ಸಲ ಆಗುವುದಿಲ್ಲ. ಆ ತಾಯಿ ಒಂದೊಂದೇ ಅಡಿಕೆ ಎತ್ತಿ ಇಡುತ್ತ ಹೋದರು. ಗೊತ್ತಿಲ್ಲ ಎಂಬ ತುಂಡಿನ ಮೇಲೆ ಐದು ಇಟ್ಟು, ಒಂದು ವಾಪಸ್ ತೆಗೆದು, ಮತ್ತೆ ಅಲ್ಲೇ ಇಟ್ಟರು. ಕೊನೆಗೆ ಕೈಯಲ್ಲಿ ಉಳಿದದ್ದು ನಾಲ್ಕು. "ನಾಲ್ಕು ಬೇಕಾ ಅಕ್ಕ?" ಎಂದು ಪಕ್ಕದವರು ಮೆಲ್ಲ ಕೇಳಿದರು. "ಇರಲಿ, ನಾಲ್ಕು ಹೊರ್ತೇನೆ." ಇಲ್ಲಿ ನಡೆಸುವವರು ಮಾಡಬಹುದಾದ ದೊಡ್ಡ ತಪ್ಪು ಆ ನಾಲ್ಕನ್ನೂ ಕಿತ್ತುಕೊಳ್ಳಲು ಹೋಗುವುದು. ನಾವು ಬಾಯಿ ಮುಚ್ಚಿಕೊಂಡಿದ್ದೆವು.

ಎಂಟನೆಯ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ತಪ್ಪು ನಮ್ಮದು. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ರೂಪಿಸಿದ, ಪರಿಹಾರದ ಕಡೆಗೇ ಮುಖ ಮಾಡುವ ಚಿಕಿತ್ಸೆಯಲ್ಲಿ ಪವಾಡದ ಪ್ರಶ್ನೆ ಎಂಬುದೊಂದಿದೆ: ರಾತ್ರಿ ನೀವು ಮಲಗಿದ್ದಾಗ ಪವಾಡ ನಡೆದು ಸಮಸ್ಯೆ ಹೋಗಿಬಿಟ್ಟರೆ, ಬೆಳಿಗ್ಗೆ ಮೊದಲು ಏನು ಕಾಣುತ್ತೀರಿ? ಗಂಡಹೆಂಡಿರ ಜಗಳಕ್ಕೆ ಸರಿ. ಇಲ್ಲಿ ಒಬ್ಬರು, "ಅವಳು ಎದ್ದು ಬಂದು ಅಮ್ಮ ಅಂತಾಳೆ" ಎಂದರು. ಉಳಿದ ಒಂದು ಗಂಟೆ ಆ ಮಾತಿನ ಕೆಳಗೇ ಕೂತಿದ್ದೆವು. ಬದಲಾಗದ ಸ್ಥಿತಿಯ ಎದುರು ಆ ಪ್ರಶ್ನೆ ಬೇಡ. ಅದೇ ಪದ್ಧತಿಯ ಅಳತೆಪಟ್ಟಿ ಮಾತ್ರ ಚೆನ್ನಾಗಿ ಓಡಿತು: 0ಯಿಂದ 10ರಲ್ಲಿ ಈ ವಾರ ಎಷ್ಟು? ಮೂರು. ಎರಡಕ್ಕೆ ಇಳಿಯದ ಹಾಗೆ ಹಿಡಿದದ್ದು ಎಂತ? ಉತ್ತರಗಳು ಚಿಕ್ಕವು: ತಂಗಿ ಫೋನ್ ಮಾಡಿದ್ದು, ಒಂದು ರಾತ್ರಿ ಪೂರ್ತಿ ನಿದ್ದೆ, ಗಂಡ ಸ್ನಾನ ಮಾಡಿಸಿದ್ದು.

ಒಂಬತ್ತನೆಯ ವಾರಕ್ಕೆ ಮೊರೆನೊ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ಜೇಕಬ್ ಮೊರೆನೊ ಕಟ್ಟಿದ ಸೈಕೋಡ್ರಾಮಾಕ್ಕೆ, ಅಂದರೆ ನಾಟಕವಾಡಿಸಿ ಮಾಡುವ ಚಿಕಿತ್ಸೆಗೆ, ಮೂರು ಭಾಗ: ಮೈ ಕಾಯಿಸುವುದು, ಆಡುವುದು, ಆಡಿ ಮುಗಿದ ಮೇಲೆ ನೋಡಿದವರು ತಮ್ಮ ಬದುಕಿನಿಂದ ಒಂದು ಎಳೆ ಹಂಚಿಕೊಳ್ಳುವುದು. ನಾಟಕ ಎಂದರೆ ನಾಚುತ್ತಾರೆ. ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನೆಲದಲ್ಲಿ ವೇಷವಿಲ್ಲದೆ ಕೂತಲ್ಲೇ ಪಾತ್ರವಾಗುವುದು ಎಂದರೆ ಯಾರಿಗೂ ವಿವರಿಸಬೇಕಿಲ್ಲ. "ತಾಳಮದ್ದಳೆಯ ಹಾಗೆ, ನೀವು ಅತ್ತೆಯ ಅರ್ಥ ಹೇಳಿ" ಎಂದರೆ ಸಾಕಾಯಿತು. ಸೊಸೆಯಾದವರು ಅತ್ತೆಯ ಕುರ್ಚಿಗೆ ಸರಿದು ಅತ್ತೆಯಾಗಿ ಮಾತಾಡಿದರು. ಆದರೆ ತಾಳಮದ್ದಳೆಯ ಸಂಸ್ಕಾರವೇ ಇಲ್ಲೊಂದು ಅಡ್ಡಿ. ಅರ್ಥಧಾರಿಗಳು ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವುದನ್ನು ಕೇಳಿ ಬೆಳೆದವರು ಇವರು. ಐದನೆಯ ನಿಮಿಷಕ್ಕೆ ಕೃಷ್ಣ–ಕೌರವರ ಸಂಧಾನ ಶುರುವಾಯಿತು. ಒಂದು ಕಡಿವಾಣ ಹಾಕಿದೆವು: ಪಾತ್ರಧಾರಿ ಪ್ರಶ್ನೆಗೆ ಉತ್ತರಿಸಬೇಕು, ಪ್ರತಿವಾದ ಮಾಡುವ ಹಾಗಿಲ್ಲ. "ಮೊಮ್ಮಗನನ್ನು ಯಾಕೆ ಎತ್ತಿಕೊಳ್ಳುವುದಿಲ್ಲ?" ಎಂದು ಕೇಳಿದಾಗ ಅತ್ತೆಯ ಕುರ್ಚಿಯಲ್ಲಿದ್ದ ಸೊಸೆ ಬಹಳ ಹೊತ್ತಿನ ಮೇಲೆ, "ಕೈಯಿಂದ ಜಾರಿದ್ರೆ ಅಂತ ಹೆದರಿಕೆ" ಎಂದರು. ಕುರ್ಚಿಯಿಂದ ಇಳಿಸುವುದನ್ನು ಮರೆಯಬೇಡಿ. ಎದ್ದು ನಿಂತು, ತನ್ನ ಹೆಸರು ಹೇಳಿ, ತನ್ನ ಜಾಗಕ್ಕೆ ಬಂದು ಕೂರಬೇಕು, ಇಲ್ಲವಾದರೆ ಪಾತ್ರ ಮನೆಯವರೆಗೂ ಬೆನ್ನು ಹತ್ತುತ್ತದೆ. ಮನೋಚಿಕಿತ್ಸಕ ಫ್ರಿಟ್ಜ್ ಪರ್ಲ್ಸ್‌ನ ಹಾಗೆ ಒಬ್ಬರನ್ನೇ ನಡುವೆ ಕೂರಿಸಿ ಕೆದಕುವುದನ್ನು ನಾವು ಮುಟ್ಟಲಿಲ್ಲ. 1973ರಲ್ಲಿ ಲೀಬರ್‌ಮನ್, ಯಾಲಂ, ಮೈಲ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಾಯಿಸಿ ಬಾಯಿ ಬಿಡಿಸುವ, ಮೈಮೇಲೆ ಹೋಗುವ ಶೈಲಿಯವರ ಗುಂಪುಗಳಲ್ಲೇ ಪೆಟ್ಟು ತಿಂದವರು ಹೆಚ್ಚು ಎಂದು ಕಂಡಿತ್ತು. ಅದೇ ಬಸ್ಸಿನಲ್ಲಿ ವಾಪಸ್ ಹೋಗಬೇಕಾದವರಿಗೆ ಅದು ಇನ್ನೂ ಕೆಟ್ಟದ್ದು.

ಪ್ರತಿ ಸಲ ಗುಂಪು ಎದ್ದ ಮೇಲೆ ನಾವಿಬ್ಬರು ಅರ್ಧ ಗಂಟೆ ಕೂತು ಎರಡು ಕಾಲಂ ಬರೆಯುತ್ತಿದ್ದೆವು. ಎಡಕ್ಕೆ ಯಾರು ಏನು ಹೇಳಿದರು, ಬಲಕ್ಕೆ ಆಗ ನಮಗೆ ಏನಾಯಿತು. ಬಲದ ಕಾಲಂ ಖಾಲಿ ಇದ್ದ ವಾರಗಳೇ ನಾವು ಎಡವಿದ ವಾರಗಳು. ಪಿಎಚ್‌ಕ್ಯು-9 ಆರನೆಯ ವಾರ ಮತ್ತೆ ಕೇಳಿದಾಗ ಕೆಲವರ ಅಂಕ ಏರಿತ್ತು. ಹೆದರಬೇಕಿಲ್ಲ, ಮೊದಲ ಸಲ ಮುಚ್ಚಿಟ್ಟದ್ದನ್ನು ಈ ಸಲ ಹೇಳಿರಬಹುದು. ಒಂಬತ್ತನೆಯ ಪ್ರಶ್ನೆಯ ಅಂಕ ಏರಿದರೆ ಮಾತ್ರ ಆ ದಿನವೇ ಕೂತು ಮಾತಾಡಬೇಕು.

ಮುಗಿಸುವುದನ್ನು ಒಂಬತ್ತನೆಯ ವಾರವೇ ಹೇಳಲು ಶುರು ಮಾಡಿದೆವು. ಟಕ್‌ಮನ್ 1977ರಲ್ಲಿ ಐದನೆಯ ಹಂತವಾಗಿ ಬೀಳ್ಕೊಡುಗೆಯನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಹನ್ನೊಂದನೆಯ ವಾರ ಇಬ್ಬರು ಬರಲಿಲ್ಲ. ಬಿಟ್ಟುಹೋಗುವ ಮೊದಲು ತಾವೇ ಬಿಡುವುದು. ಫೋನ್ ಮಾಡಿ, "ಕೊನೆಯ ದಿನ ಖಾಲಿ ಕುರ್ಚಿ ಇಟ್ಟರೆ ಉಳಿದವರಿಗೆ ಕಷ್ಟ ಆಗ್ತದೆ" ಎಂದೆವು. ಬಂದರು. ಅಷ್ಟರಲ್ಲಿ ಗುಂಪನ್ನು ಮುಂದುವರಿಸಲು ಯಾರೋ ಒಂದು ಉಪಾಯ ತಂದಿದ್ದರು: ತಿಂಗಳಿಗೆ 500 ರೂಪಾಯಿ ಕುರಿ ಹಾಕುವ. ಗಟ್ಟದ ಮೇಲಿನವರಿಗೆ ಹೇಳುವುದಾದರೆ ಇದು ಕುರಿಯಲ್ಲ, ಚೀಟಿ. ಸಾಲಗಾರರನ್ನು ಹೊರಗಿಟ್ಟು ಕಟ್ಟಿದ ಗುಂಪು ಕೊನೆಯ ದಿನ ಸಾಲದ ಗುಂಪಾಗಲು ಹೊರಟಿತ್ತು. ನಾವು ಬೇಡ ಎನ್ನಲಿಲ್ಲ. ನಮ್ಮ ಹಾಲ್‌ನಲ್ಲಿ, ಶನಿವಾರ 10:30ಕ್ಕೆ ಬೇಡ ಎಂದೆವಷ್ಟೆ. ಎರಡು ತಿಂಗಳ ನಂತರದ ಒಂದು ಭೇಟಿಗೆ ಆ ಹೊತ್ತನ್ನು ಕಾದಿರಿಸಿದೆವು. ಕುರಿ ಮಾತ್ರ ಆ ದಿನವೇ ಬಸ್ಸಿನಲ್ಲಿ ನಿಕ್ಕಿಯಾಯಿತು. ಎರಡು ತಿಂಗಳ ನಂತರದ 'ಬಸ್ಸಿನ ಮಾತು' ಅದರಿಂದಲೇ ಶುರುವಾಯಿತು: ಮೊದಲ ಕುರಿ ಯಾರಿಗೆ ಎತ್ತಿಕೊಟ್ಟರು, ಯಾರಿಗೆ ಬೇಸರವಾಯಿತು. "ಬೇಸರ ಹೇಳ್ಲಿಕ್ಕಿಲ್ಲ" ಎಂದು ಹೊಸ್ತಿಲ ಹತ್ತಿರದ ಕುರ್ಚಿಯಿಂದ ದನಿ ಬಂತು. "ಸಿಟ್ಟು" ಎಂದು ತಿದ್ದಿಕೊಂಡರು ಇನ್ನೊಬ್ಬರು.